ಸ್ವಾಗತ ಭಾಷಣಕ್ಕೆ ಕೂಲಿ ಕೊಡುವವರು ಯಾರು?



ತೋಟದ ಕೆಲಸದವರು ಗ್ರಾಮಸಭೆಗೆ ಬರುವುದಿಲ್ಲ, ಅವರಿಗೆ ತಿಳುವಳಿಕೆ ಸಾಲದು ಎಂದು ಬದಿಯಡ್ಕ ಪೇಟೆಯಲ್ಲಿ ನಿಂತು ಹೇಳುವವರಿದ್ದಾರೆ. ಸಂಘದ ಚೀಟಿ ಹಿಡಿದು ಮನೆ ಮನೆ ತಿರುಗುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬೆಳಗಿನ ಜಾವ ಎದ್ದು ರಬ್ಬರು ಕಡಿದು, ಹಾಲು ಎತ್ತಿ, ಶೀಟು ಮಾಡಿ ಮನೆ ಸೇರುವಾಗ ಮಧ್ಯಾಹ್ನ ದಾಟಿರುತ್ತದೆ. ಗೇರುಬೀಜದ ಕಾಲದಲ್ಲಿ ಒಂದು ದಿನ ಬಿಟ್ಟರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ವೇದಿಕೆಯ ಮೇಲೆ ಕುಳಿತ ಅಧಿಕಾರಿಗೆ ಸಭೆಯ ದಿನವೂ ಸಂಬಳ ಉಂಟು. ಕೆಳಗೆ ಬೆಂಚಿನಲ್ಲಿ ಕುಳಿತವಳಿಗೆ ಇಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕುಳಿತ ಒಂದು ಗ್ರಾಮಸಭೆಯ ಲೆಕ್ಕ ಹೇಳುತ್ತೇನೆ. ಯಾವ ವಾರ್ಡು ಎಂದು ಕೇಳಬೇಡಿ. ನೋಟೀಸಿನಲ್ಲಿ ಎರಡು ಗಂಟೆ, ಶುರುವಾದದ್ದು ಮೂರಕ್ಕೆ. ಪ್ರಾರ್ಥನೆ, ಸ್ವಾಗತ, ವೇದಿಕೆಯಲ್ಲಿದ್ದ ಒಬ್ಬೊಬ್ಬರ ಹೆಸರು ಹಿಡಿದು ಗುಣಗಾನ, ಅಧ್ಯಕ್ಷ ಭಾಷಣ, ಉದ್ಘಾಟನೆ, ಐದು ಮಂದಿಯ ಶುಭಾಶಂಸನೆ. ಆಮೇಲೆ ವರದಿ, ಅದೂ ಪೂರ್ತಿ ಮಲೆಯಾಳದಲ್ಲಿ. ನನ್ನ ಪಕ್ಕದಲ್ಲಿದ್ದ ವಿಧವೆ ಮನೆ ರಿಪೇರಿಯ ಅರ್ಜಿಯನ್ನು ಮಡಚಿ ಮಡಚಿ ಬೆವರಿನಲ್ಲಿ ಒದ್ದೆ ಮಾಡಿಕೊಂಡಿದ್ದಳು. ಐದು ಗಂಟೆಯ ಬಸ್ಸಿಗೆ ಎದ್ದು ಹೋದಳು. ಫಲಾನುಭವಿಗಳ ಪಟ್ಟಿ ಓದಿದ್ದು ಐದೂಕಾಲಕ್ಕೆ. ಹತ್ತು ನಿಮಿಷದಲ್ಲಿ ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳಿ ಮುಗಿಸಿದರು. ಎರಡು ತಾಸು ಭಾಷಣಕ್ಕೆ, ಹತ್ತು ನಿಮಿಷ ಬಡವರ ಮನೆಗೆ!

ಇದು ಸಣ್ಣ ವಿಷಯವಲ್ಲ. 1994ರ ಕೇರಳ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ವಾರ್ಡಿನ ಪ್ರತಿಯೊಬ್ಬ ಮತದಾರನೂ ಗ್ರಾಮಸಭೆಯ ಸದಸ್ಯ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು, ನೂರಕ್ಕೆ ಹತ್ತು ಮತದಾರರಾದರೂ ಹಾಜರಿರಬೇಕು. ಮನೆಗೆ, ಸಹಾಯಧನಕ್ಕೆ ಅರ್ಹರಾದವರ ಆದ್ಯತಾ ಪಟ್ಟಿ ಅಲ್ಲಿಯೇ ತೀರ್ಮಾನವಾಗಬೇಕು. ಅದರ ಕ್ರಮವನ್ನು ಪಂಚಾಯತು ತನ್ನಿಷ್ಟದಂತೆ ಬದಲಿಸುವಂತಿಲ್ಲ. ಹೀಗಿರುವಾಗ ಪಟ್ಟಿ ಓದುವ ಹೊತ್ತಿಗೆ ಬೆಂಚು ಖಾಲಿಯಾಗಿದ್ದರೆ ಲಾಭ ಯಾರಿಗೆ? ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು ಪೀಡಿತವಾದ 11 ಪಂಚಾಯತುಗಳಲ್ಲಿ ನಮ್ಮದೂ ಒಂದು. ಹಾಸಿಗೆ ಹಿಡಿದ ಮಗುವನ್ನು ನೆರೆಮನೆಯವರಿಗೆ ಒಪ್ಪಿಸಿ ಬಂದ ತಾಯಿ ಎಷ್ಟು ಹೊತ್ತು ಶುಭಾಶಂಸನೆ ಕೇಳಿಯಾಳು?

ಸಂಘದ ಗೆಳೆಯರೊಬ್ಬರು ನನ್ನೊಡನೆ ಜಗಳಕ್ಕೇ ಬಂದರು. ಸಭೆ ಗಿಡ್ಡ ಮಾಡಿ ಎಂದು ನಾವೇ ಹೇಳಿದರೆ ಅವರಿಗೆ ಹಬ್ಬ, ಪ್ರಶ್ನೆಗೇ ಕತ್ತರಿ ಬೀಳುತ್ತದೆ ಎಂದರು. ಅವರ ಭಯ ಸುಳ್ಳಲ್ಲ. ಹಾಜರಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಂಡರೆ ಅದಕ್ಕಿಂತ ಗಿಡ್ಡ ಸಭೆ ಬೇರೆ ಉಂಟೇ? ಅಂಥ ಪುಸ್ತಕ ಬಂದರೆ ಸಹಿ ಹಾಕಬೇಡಿ. ನಾನು ಕತ್ತರಿ ಹಾಕಿ ಎನ್ನುವುದು ವೇದಿಕೆಯ ಮಾತಿಗೆ. ಉಳಿದ ಹೊತ್ತು ಬೆಂಚಿನವರಿಗೆ ಸೇರಲಿ.

ಮೋಶೆಯ ಮಾವ ಇತ್ರೋನನ್ನು ನೆನೆಯಿರಿ. ಬೆಳಗಿನಿಂದ ಸಂಜೆಯವರೆಗೆ ಜನ ನ್ಯಾಯಕ್ಕಾಗಿ ನಿಂತೇ ಇರುವುದನ್ನು ಕಂಡು ಅವನು ಅಳಿಯನನ್ನು ಗದರಿಸಿದ. ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ, ಹತ್ತು ಮಂದಿಗೊಬ್ಬ, ಐವತ್ತು ಮಂದಿಗೊಬ್ಬ ನಂಬಿಗಸ್ತನನ್ನು ನೇಮಿಸು ಎಂದ. (ವಿಮೋಚನಕಾಂಡ, 18ನೇ ಅಧ್ಯಾಯ.) ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ ಗ್ರಾಮಸಭೆಗೆ ಹಾಕಿಕೊಟ್ಟ ಕ್ರಮವೂ ಹೆಚ್ಚುಕಡಿಮೆ ಇದೇ. ಮೊದಲು ಚಿಕ್ಕ ಪೀಠಿಕೆ. ಮತ್ತೆ ಕೃಷಿ, ನೀರು, ಆರೋಗ್ಯ ಎಂದು ವಿಷಯಕ್ಕೊಂದು ಗುಂಪಾಗಿ ಕುಳಿತು ಮಾತು. ಕೊನೆಗೆ ಎಲ್ಲರೂ ಕೂಡಿ ಗುಂಪುಗಳ ವರದಿ ಕೇಳುವುದು. ನೂರು ಜನರ ಎದುರು ಮೈಕ್ ಹಿಡಿಯಲು ಅಂಜುವ ಹೆಂಗಸು ಹತ್ತು ಜನರ ನಡುವೆ ಬಾಯಿಬಿಡುತ್ತಾಳೆ. 1998ರಲ್ಲಿ ಕುಟುಂಬಶ್ರೀ ಬಂದ ಮೇಲೆ ಅಯಲ್‌ಕೂಟಗಳೂ ಇವೆ. ಬಾವಿಯ ಮಾತು, ದಾರಿಯ ಮಾತು ಅಲ್ಲಿಯೇ ಪಕ್ವವಾಗಿ ಬಂದರೆ ಗ್ರಾಮಸಭೆಯಲ್ಲಿ ಅರ್ಧ ಜಗಳ ಉಳಿಯುತ್ತದೆ.

ಇನ್ನು ಭಾಷೆ. ಅರ್ಥವಾಗದ ವರದಿ ಎಷ್ಟು ಚಿಕ್ಕದಾದರೂ ಉದ್ದವೇ. ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಆಡಳಿತ ಭಾಷಾ ಕಾನೂನು ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಪತ್ರಕ್ಕೆ ಇರುವ ಮರ್ಯಾದೆ ಪಟ್ಟಿಗೂ ಇರಲಿ. ಒಂದು ವಾರ ಮೊದಲೇ ಕನ್ನಡದಲ್ಲಿ ಅಚ್ಚಾಗಿ ರೇಶನ್ ಅಂಗಡಿಯ ಗೋಡೆಗೆ ಬರಲಿ. ಆದಿ ಸಭೆಯಲ್ಲಿ ಗ್ರೀಕ್ ಮಾತಿನ ವಿಧವೆಯರಿಗೆ ದಿನದ ಹಂಚಿಕೆ ತಪ್ಪುತ್ತಿದೆ ಎಂಬ ದೂರು ಬಂದಾಗ ಪ್ರೇಷಿತರು ಉದ್ದ ಭಾಷಣ ಮಾಡಲಿಲ್ಲ. ಜನರನ್ನು ಕರೆದು ಏಳು ಮಂದಿಯನ್ನು ಆರಿಸಿರಿ ಎಂದರು. ಆ ಏಳೂ ಗ್ರೀಕ್ ಹೆಸರುಗಳು!

ಇಷ್ಟು ಬರೆಯುವ ನನಗೂ ನಾಚಿಕೆ ಉಂಟು. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ, ಇಗರ್ಜಿಯ ಸಭೆಯಲ್ಲಿ ನಾನೇ ಎಷ್ಟು ಸಲ ಗಡಿಯಾರ ನೋಡದೆ ಮಾತಾಡಿದ್ದೇನೆ! ಮೊದಲು ಅಲ್ಲಿ ಸ್ವಾಗತ ಭಾಷಣ ನಿಲ್ಲಿಸೋಣ.

2025ರ ಡಿಸೆಂಬರದಲ್ಲಿ ಚುನಾವಣೆ ಆಗಿದೆ. ಮತ ಕೇಳಲು ನಮ್ಮ ಜಗಲಿಗೆ ಬಂದವರಿಗೆ ನಮ್ಮ ಕೆಲಸದ ಹೊತ್ತು ಸರಿಯಾಗಿಯೇ ಗೊತ್ತಿತ್ತು; ಯಾರೂ ರಬ್ಬರು ಕಡಿಯುವ ಹೊತ್ತಿಗೆ ಬರಲಿಲ್ಲ. ಅದೇ ಹೊತ್ತನ್ನು ನೋಡಿ ಸಭೆ ಇಡಲಿ, ರಜಾದಿನ ಇಡಲಿ, ಪಟ್ಟಿಯನ್ನು ಮೊದಲು ಓದಲಿ. ಹೊಗಳಿಕೆ ಬೇಕಾದವರು ಕೊನೆಯ ಬಸ್ಸು ಹೋದ ಮೇಲೆ ಹೊಗಳಿಕೊಳ್ಳಲಿ. ಮುಂದಿನ ಸಭೆಗೆ ಅರ್ಜಿ ಬರೆಯಿಸಬೇಕಾದವರು ಭಾನುವಾರ ಪೂಜೆ ಮುಗಿದ ಮೇಲೆ ನನ್ನನ್ನು ಕಾಣಿರಿ. ಆ ದಿನ ನಾನು ವಾಚು ಕಟ್ಟಿಕೊಂಡು ಮುಂದಿನ ಬೆಂಚಿನಲ್ಲೇ ಕೂರುತ್ತೇನೆ.