ಲೆಕ್ಕ ಕೇಳುವುದೂ ಹೋರಾಟವೇ

ವರದಕ್ಷಿಣೆಗೆ ಬಲಿಯಾದ ಹೆಣ್ಣುಮಗಳು ಎರಡು ಸಲ ಸಾಯುತ್ತಾಳೆ. ಒಮ್ಮೆ ಗಂಡನ ಮನೆಯಲ್ಲಿ, ಇನ್ನೊಮ್ಮೆ ಪೊಲೀಸ್ ಠಾಣೆಯ ರಿಜಿಸ್ಟರಿನಲ್ಲಿ. ‘ಸ್ಟೌ ಸಿಡಿದು ಸಾವು’, ‘ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ’, ‘ಕಾಲು ಜಾರಿ ಬಾವಿಗೆ ಬಿದ್ದು ಸಾವು’ - ಈ ಸಾಲುಗಳನ್ನು ನಾವು ಎಷ್ಟು ಸಲ ಕೇಳಿಲ್ಲ? ಯುಡಿಆರ್ ಎಂದು ಪೊಲೀಸರು ಕರೆಯುವ ಅಸ್ವಾಭಾವಿಕ ಸಾವಿನ ಕಡತದೊಳಗೆ ಅವಳ ಕತೆ ಮುಗಿದುಹೋಗುತ್ತದೆ.

ಬೆಂಗಳೂರಿನಲ್ಲಿ 1997, 1998 ಮತ್ತು 1999ರ ಜುಲೈ ಮಧ್ಯದವರೆಗೆ ಹೀಗೆ ಅಸ್ವಾಭಾವಿಕವಾಗಿ ಸತ್ತ ಹೆಂಗಸರು 1,133 ಮಂದಿ. ಇವುಗಳಲ್ಲಿ ಕೊಲೆ ಎಂದು ಪರಿಗಣಿಸಿದ್ದು 157 ಮಾತ್ರ. 546 ಆತ್ಮಹತ್ಯೆ, 430 ಅಪಘಾತ. ವಿಮೋಚನಾ ಸಂಘಟನೆ ಆ ದಿನಗಳಲ್ಲಿ ಜನರ ಮುಂದಿಟ್ಟ ಲೆಕ್ಕ ಇದು. ಒಂದೊಂದು ಸಾವನ್ನೇ ನೋಡಿದಾಗ ‘ಪಾಪ, ಅವಳ ಹಣೆಬರಹ’ ಎಂದು ಊರು ಸುಮ್ಮನಾಗಿಬಿಡುತ್ತದೆ. ಎಲ್ಲವನ್ನೂ ಕೂಡಿಸಿ ಎದುರಿಗಿಟ್ಟಾಗ ಹಣೆಬರಹ ಎನ್ನಲು ಬಾಯಿ ಬರುವುದಿಲ್ಲ. ಇಷ್ಟೊಂದು ಸ್ಟೌಗಳು ಸೊಸೆಯರ ಕೈಯಲ್ಲೇ ಏಕೆ ಸಿಡಿಯುತ್ತವೆ ಎಂದು ಆಗ ಕೇಳಲೇಬೇಕಾಗುತ್ತದೆ.

ಇಂಥ ಲೆಕ್ಕವನ್ನು ಹೋರಾಟಗಾರ್ತಿಯರು ಠಾಣೆ, ಆಸ್ಪತ್ರೆ ಅಲೆದು ಏಕೆ ತೆಗೆಯಬೇಕು? ಈ ಅಂಕಿಗಳೆಲ್ಲ ಸರ್ಕಾರದ ಕೈಯಲ್ಲೇ ಇವೆಯಲ್ಲ! ಕೇಳುವವರಿದ್ದರೆ ಕೊಡಲೇಬೇಕಾದ ದಾರಿಯೂ ಒಂದಿದೆ. ಶಾಸಕರು ಸದನದಲ್ಲಿ ಲಿಖಿತವಾಗಿ ಕೇಳುವ ಪ್ರಶ್ನೆಯೇ ಆ ದಾರಿ. ನಮ್ಮ ಸಂಘಗಳು ಧರಣಿ ಮಾಡುವುದನ್ನು ಕಲಿತಿವೆ, ಮನವಿ ಕೊಡುವುದನ್ನೂ ಕಲಿತಿವೆ. ಇನ್ನು ನಮ್ಮ ಶಾಸಕರ ಬಾಯಲ್ಲಿ ನಮ್ಮ ಪ್ರಶ್ನೆಯನ್ನು ಇಡುವುದನ್ನು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ನಡೆಯುವ ದಾರಿ

ಸದನದ ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೆಹದಲ್ಲಿ ಉತ್ತರ ಬರುತ್ತದೆ. ಪತ್ರಿಕೆಯವರಿಗೂ ಟೀವಿಯವರಿಗೂ ಬೇಕಾದದ್ದು ಮೊದಲನೆಯದು. ಗದ್ದಲ, ಮಾತಿನ ಚಕಮಕಿ ಎಲ್ಲ ಅಲ್ಲಿರುತ್ತದೆ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಎರಡನೆಯದು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20 ಇದ್ದರೆ, ಲಿಖಿತ ಉತ್ತರದ ಪ್ರಶ್ನೆ 230ರವರೆಗೆ ಇರುತ್ತವೆ. ಗದ್ದಲವಾಗಿ ಸದನ ಮುಂದಕ್ಕೆ ಹೋದರೂ ಬರೆದ ಉತ್ತರ ಎಲ್ಲಿಗೂ ಹೋಗುವುದಿಲ್ಲ, ದಾಖಲೆಯಾಗಿ ಉಳಿಯುತ್ತದೆ.

ಶಾಸಕರು ಕೊಟ್ಟ ಪ್ರಶ್ನೆಯನ್ನು ಸಭಾಧ್ಯಕ್ಷರು ಒಪ್ಪಿದರೆ ಅದು ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ. ಇಲಾಖೆಯ ಕಾರ್ಯದರ್ಶಿ ನಿರ್ದೇಶಕರನ್ನು ಕೇಳುತ್ತಾರೆ, ನಿರ್ದೇಶಕರು ಜಿಲ್ಲೆಯ ಉಪನಿರ್ದೇಶಕರನ್ನು ಕೇಳುತ್ತಾರೆ, ಅವರು ತಾಲ್ಲೂಕಿನ ಸಿಡಿಪಿಓ ಅವರನ್ನು ಕೇಳುತ್ತಾರೆ. ನೀವು ಹತ್ತು ಸಲ ಅಲೆದರೂ ತೆರೆಯದ ಕಡತ ಅವತ್ತು ತೆರೆಯುತ್ತದೆ. ಕೊನೆಗೆ ಮಂತ್ರಿಗಳ ಹೆಸರಿನಲ್ಲಿ ಉತ್ತರ ಸದನಕ್ಕೆ ಬರುತ್ತದೆ. ಅದು ಸುಳ್ಳಾದರೆ ಹಕ್ಕುಚ್ಯುತಿಯ ಮಾತು ಏಳುತ್ತದೆ. ಮೇಜಿನಾಚೆ ಕುಳಿತ ಗುಮಾಸ್ತ ನಿಮಗೆ ಹೇಳುವ ‘ನಾಳೆ ಬನ್ನಿ’ಗೂ ಈ ಉತ್ತರಕ್ಕೂ ಇರುವ ವ್ಯತ್ಯಾಸ ಇದೇ.

ಒಂದು ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹಳೆಯ ಉದಾಹರಣೆಯಿದೆ. ಜೀವವಿಮಾ ನಿಗಮದ ಹಣವನ್ನು ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ಹಾಕಿದ ಬಗ್ಗೆ 1957ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಉತ್ತರ ಸಮಾಧಾನ ಕೊಡಲಿಲ್ಲ. ಫಿರೋಜ್ ಗಾಂಧಿ ಅದನ್ನು ಬಿಡದೆ ಹಿಡಿದರು, ತನಿಖೆ ನಡೆಯಿತು, 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಜನರ ವಿಮೆಯ ದುಡ್ಡಿಗೆ ಲೆಕ್ಕ ಕೇಳಬಹುದಾದರೆ ಹೆಂಗಸರ ಜೀವಕ್ಕೆ ಏಕೆ ಕೇಳಬಾರದು?

ಜಾರಿಕೊಳ್ಳುವ ಉತ್ತರ, ಜಾರಗೊಡದ ಪ್ರಶ್ನೆ

ನಾನು ಇಂಥ ಉತ್ತರದ ಹಾಳೆಗಳನ್ನು ಹಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಹಾಳೆಯ ಎಡಗಡೆ ಅ, ಆ, ಇ, ಈ ಎಂದು ಪ್ರಶ್ನೆ, ಬಲಗಡೆ ಉತ್ತರ. ‘ಮಹಿಳೆಯರ ಮೇಲೆ ದೌರ್ಜನ್ಯ ಹೆಚ್ಚುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ’ ಎಂದು ಒಂದೇ ಪದ. ‘ಕೈಗೊಂಡ ಕ್ರಮಗಳೇನು?’ ಎಂದರೆ ಸಾಂತ್ವನ ಕೇಂದ್ರ, ಸಖಿ ಕೇಂದ್ರ, 181 ಸಹಾಯವಾಣಿ ಎಂದು ಯೋಜನೆಗಳ ಉದ್ದ ಪಟ್ಟಿ. ಆ ಕೇಂದ್ರದ ಬಾಗಿಲು ರಾತ್ರಿ ತೆರೆದಿತ್ತೇ, ಅಲ್ಲಿ ಕೆಲಸ ಮಾಡುವವರಿಗೆ ಸಂಬಳ ಬಂದಿದೆಯೇ ಎಂಬುದು ಆ ಪಟ್ಟಿಯಲ್ಲಿರುವುದಿಲ್ಲ. ಕೇಳಲಿಲ್ಲ, ಹೇಳಲಿಲ್ಲ!

ಸಂಘದ ಸಭೆಯಲ್ಲಿ ನಾವು ಹೇಗೆ ಕೇಳುತ್ತೇವೆ, ನೆನಪಿಸಿಕೊಳ್ಳಿ. ‘ಸಾಲ ವಾಪಸು ಬರುತ್ತಿದೆಯಾ?’ ಎಂದು ಕೇಳಿ ಬಿಡುತ್ತೇವೆಯೇ? ಯಾರು ತೆಗೆದುಕೊಂಡರು, ಎಷ್ಟು, ಎಷ್ಟು ಕಂತು ಕಟ್ಟಿದರು, ಎಷ್ಟು ಬಾಕಿ ಎಂದು ಪುಸ್ತಕ ಬಿಡಿಸಿ ಕೇಳುತ್ತೇವೆ. ಸದನದಲ್ಲೂ ಹಾಗೆಯೇ ಕೇಳಬೇಕು. ಒಂದು ಮಾದರಿ ಇಲ್ಲಿದೆ:

ಅ) ಕಳೆದ ಐದು ವರ್ಷಗಳಲ್ಲಿ ಈ ತಾಲ್ಲೂಕಿನಲ್ಲಿ, ಮದುವೆಯಾಗಿ ಏಳು ವರ್ಷ ತುಂಬುವ ಮೊದಲೇ ಅಸ್ವಾಭಾವಿಕವಾಗಿ ಸತ್ತ ಮಹಿಳೆಯರೆಷ್ಟು? (ವರ್ಷವಾರು, ಠಾಣಾವಾರು ವಿವರ ನೀಡುವುದು)

ಆ) ಅವುಗಳಲ್ಲಿ ತಹಶೀಲ್ದಾರರು ಶವಪಂಚನಾಮೆ ನಡೆಸಿದ್ದು ಎಷ್ಟು?

ಇ) ವರದಕ್ಷಿಣೆ ಸಾವು ಎಂದು ದಾಖಲಾದದ್ದು ಎಷ್ಟು? ಯುಡಿಆರ್ ಎಂದೇ ಮುಗಿಸಿದ್ದು ಎಷ್ಟು?

ಈ) ದಾಖಲಾದವುಗಳಲ್ಲಿ ದೋಷಾರೋಪಣ ಪಟ್ಟಿ ಸಲ್ಲಿಸಿದ್ದು, ಶಿಕ್ಷೆಯಾದದ್ದು, ಖುಲಾಸೆಯಾದದ್ದು, ಬಾಕಿಯಿರುವುದು ಎಷ್ಟೆಷ್ಟು?

ಈ ಪ್ರಶ್ನೆಯಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಅನುಮಾನಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ‘ಅ’ ಮತ್ತು ‘ಆ’ದ ಅಂಕಿಗಳು ಹೊಂದದಿದ್ದರೆ ಏನೋ ತಪ್ಪಿದೆ ಎಂದು ಓದು ಬಾರದ ಅಜ್ಜಿಗೂ ಗೊತ್ತಾಗುತ್ತದೆ. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವರದಕ್ಷಿಣೆ ಸಾವಿನ ಅಂಕಿಯಲ್ಲಿ, ಪೊಲೀಸರು ಹಾಗೆಂದು ದಾಖಲಿಸಿದ ಸಾವುಗಳಷ್ಟೇ ಇರುತ್ತವೆ. ಸ್ಟೌ ಸಿಡಿದು ಸತ್ತಳು ಎಂದು ಬರೆದವಳು ಅಲ್ಲಿಲ್ಲ. ಅವಳನ್ನು ಹುಡುಕಬೇಕಾದರೆ ಯುಡಿಆರ್ ಲೆಕ್ಕವನ್ನೇ ಕೇಳಬೇಕು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. 2024ರ ಜುಲೈ 1ರಿಂದ ದಂಡಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವರದಕ್ಷಿಣೆ ಸಾವಿನ 304-ಬಿ ಈಗ ಕಲಂ 80 ಆಗಿದೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ 498-ಎ ಈಗ ಕಲಂ 85 ಮತ್ತು 86. ಹೊಸ ಕಲಂ ಹೆಸರಿಸಿ ಮಾತ್ರ ಕೇಳಿದರೆ ಹಳೆಯ ಪ್ರಕರಣಗಳು ಉತ್ತರದಿಂದ ಬಿಟ್ಟುಹೋಗುತ್ತವೆ. ಎರಡನ್ನೂ ಬರೆಯಿರಿ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ ಇಂಥದೇ ಪ್ರಶ್ನೆ ಬೇಕು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಮೊದಲ ವಿಚಾರಣೆ ಸಾಮಾನ್ಯವಾಗಿ ಅರ್ಜಿ ಬಂದ ಮೂರು ದಿನದೊಳಗೆ ಇರಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಕೆಲಸವನ್ನು ಸಿಡಿಪಿಓಗಳಿಗೆ ವಹಿಸಲಾಗಿದೆ. ಅಂಗನವಾಡಿ, ಪೌಷ್ಟಿಕ ಆಹಾರ, ಭಾಗ್ಯಲಕ್ಷ್ಮಿ ಅರ್ಜಿ ಎಲ್ಲವನ್ನೂ ಹೊತ್ತ ಅವರೇ ಹೊಡೆತ ತಿಂದು ಬಂದವಳ ದೂರನ್ನೂ ಬರೆದುಕೊಳ್ಳಬೇಕು. ಆ ಹುದ್ದೆ ಎಷ್ಟು ಕಡೆ ಖಾಲಿಯಿದೆ? ಬಂದ ದೂರುಗಳೆಷ್ಟು, ನ್ಯಾಯಾಲಯಕ್ಕೆ ಕಳಿಸಿದ ವರದಿಗಳೆಷ್ಟು, ರಕ್ಷಣಾ ಆದೇಶ ಸಿಕ್ಕಿದ್ದು ಎಷ್ಟು ಮಂದಿಗೆ, ಎಷ್ಟು ದಿನಕ್ಕೆ? ವರದಕ್ಷಿಣೆ ನಿಷೇಧ ಕಾಯಿದೆಗೆ 1986ರ ತಿದ್ದುಪಡಿಯಲ್ಲಿ ಸೇರಿಸಿದ ವರದಕ್ಷಿಣೆ ನಿಷೇಧಾಧಿಕಾರಿ ನಮ್ಮ ತಾಲ್ಲೂಕಿನಲ್ಲಿ ಯಾರು? ಈ ಕೊನೆಯ ಪ್ರಶ್ನೆಯನ್ನು ನಿಮ್ಮ ಮುಂದಿನ ಸಭೆಯಲ್ಲಿ ಕೇಳಿ ನೋಡಿ. ಎಷ್ಟು ಮಂದಿ ಉತ್ತರ ಹೇಳುತ್ತಾರೋ ಎಣಿಸಿ.

ಉತ್ತರ ಬಂದ ಮೇಲೆ

‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಬಂದರೆ ನಿರಾಶರಾಗಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆ. ಇಂಥ ಭರವಸೆಗಳು ಈಡೇರಿದವೇ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದಲೂ ಒಂದು ಸಮಿತಿಯಿದೆ. ಅಲ್ಲಿ ಮೂರು ತಿಂಗಳ ಗಡುವು. ನಮ್ಮ ವಿಧಾನಮಂಡಲದಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಮ್ಮ ಪ್ರಶ್ನೆಯ ಭರವಸೆ ಏನಾಯಿತು ಎಂದು ವಿಚಾರಿಸುವಂತೆ ಶಾಸಕರಿಗೆ ಚೀಟಿ ಬರೆಯಿರಿ. ಉತ್ತರ ಅರೆಬರೆಯಾಗಿದ್ದರೆ ಅರ್ಧ ಗಂಟೆ ಕಾಲಾವಧಿಯ ಚರ್ಚೆಗೆ ಸೂಚನೆ ಕೊಡಲು ಕೇಳಿ.

‘ಅಂಥ ಅಂಕಿಅಂಶ ಇಟ್ಟಿಲ್ಲ’ ಎಂದರೂ ಅದು ಉತ್ತರವೇ. 2020ರ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು. ಲಿಖಿತ ಉತ್ತರ ಮಾತ್ರ ಉಳಿದಿತ್ತು. ಲಾಕ್‌ಡೌನಿನಲ್ಲಿ ಊರಿಗೆ ಹೊರಟು ಸತ್ತ ವಲಸೆ ಕಾರ್ಮಿಕರೆಷ್ಟು ಎಂದು ಕೇಳಿದಾಗ ಅಂಥ ದತ್ತಾಂಶ ಇಟ್ಟಿಲ್ಲ ಎಂದು ಕೇಂದ್ರ ಕಾರ್ಮಿಕ ಮಂತ್ರಾಲಯ ಲೋಕಸಭೆಗೆ ತಿಳಿಸಿತು. ದೇಶವೇ ಬೆಚ್ಚಿತು. ಸತ್ತವರನ್ನು ಎಣಿಸಲೂ ಇಲ್ಲ ಎಂಬುದನ್ನು ಸರ್ಕಾರದ ಬಾಯಿಂದಲೇ ಹೇಳಿಸಿದ್ದು ಆ ಒಂದು ಲಿಖಿತ ಪ್ರಶ್ನೆ. ನಮ್ಮ ತಾಲ್ಲೂಕಿನ ಹೆಣ್ಣುಮಕ್ಕಳ ಬಗ್ಗೆಯೂ ಅದೇ ಉತ್ತರ ಬಂದರೆ ಆ ಹಾಳೆಯನ್ನು ಹಿಡಿದುಕೊಂಡೇ ನಾವು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಕೂರಬಹುದು.

‘ನಮ್ಮಂಥವರ ಮಾತು ಶಾಸಕರು ಕೇಳುತ್ತಾರೆಯೇ?’ ಎಂದು ನೀವು ಅನ್ನಬಹುದು. 2023ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದುಬಂದ ಹೆಂಗಸರು ಕೇವಲ 10. ಹಾಗೆಂದು ಆ ಹತ್ತು ಮಂದಿಯೇ ನಮ್ಮ ಪ್ರಶ್ನೆ ಕೇಳಬೇಕೆಂದಿಲ್ಲ, ಮಿಕ್ಕವರೂ ನಮ್ಮ ಮತ ಪಡೆದೇ ಹೋಗಿದ್ದಾರೆ. ವಿಧಾನ ಪರಿಷತ್ತಿನ 75 ಮಂದಿಯಲ್ಲಿ 25 ಮಂದಿಯನ್ನು ಪಂಚಾಯಿತಿ ಮತ್ತು ಪೌರಸಂಸ್ಥೆಗಳ ಸದಸ್ಯರು ಆರಿಸಿ ಕಳಿಸುತ್ತಾರೆ. ನಿಮ್ಮ ಸಂಘದಲ್ಲೇ ಪಂಚಾಯಿತಿ ಸದಸ್ಯೆಯಾದವಳು ಇರಬಹುದು. ಅವಳ ಮತ ಕೇಳಲು ಬರುವವರಿಗೆ ನಾವು ಕೊಡಬೇಕಾದದ್ದು ಈ ಪ್ರಶ್ನೆಯ ಹಾಳೆ.

ಇನ್ನೂ ಒಂದು ಕಹಿ ಸತ್ಯವಿದೆ. 2005ರ ಡಿಸೆಂಬರಿನಲ್ಲಿ ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ್ದಕ್ಕಾಗಿ 11 ಸಂಸದರನ್ನು ಸಂಸತ್ತಿನಿಂದ ಹೊರಹಾಕಲಾಯಿತು. ಇದನ್ನು ಕಂಡು ‘ಎಲ್ಲ ಕಳ್ಳರೇ’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ದುಡ್ಡು ಕೊಟ್ಟಾದರೂ ಪ್ರಶ್ನೆ ಕೇಳಿಸುವವರಿದ್ದಾರೆ ಎಂದರೆ ಪ್ರಶ್ನೆಗೆ ಅಷ್ಟು ಬೆಲೆಯಿದೆ ಎಂದಾಯಿತು. ನಾವು ಕೇಳಿಸದೆ ಬಿಟ್ಟ ಜಾಗದಲ್ಲಿ ಬೇರೆಯವರು ತಮಗೆ ಬೇಕಾದ್ದನ್ನು ಕೇಳಿಸುತ್ತಾರೆ.

ನಾವು ಮಾಡಬೇಕಾದದ್ದು

ಮೊದಲು ಸಂಘದಲ್ಲಿ ಒಂದು ನೋಟುಪುಸ್ತಕ ಇಡಿ. ಊರಿನಲ್ಲಿ, ಸುತ್ತಲ ಹಳ್ಳಿಗಳಲ್ಲಿ ಅನುಮಾನ ಬಂದ ಸಾವು, ಠಾಣೆಯಲ್ಲಿ ಬರೆದುಕೊಳ್ಳದೆ ವಾಪಸು ಕಳಿಸಿದ ದೂರು, ರಾಜಿ ಮಾಡಿಸಿ ಮುಗಿಸಿದ ಪ್ರಕರಣ - ಎಲ್ಲವನ್ನೂ ದಿನಾಂಕ ಸಹಿತ ಬರೆಯಿರಿ. ಅಧಿವೇಶನದ ದಿನ ಗೊತ್ತಾದ ಮೇಲೆ ಓಡಾಡಿದರೆ ತಡವಾಗುತ್ತದೆ. ಪ್ರಶ್ನೆಗೆ ಮುಂಚಿತವಾಗಿ ಸೂಚನೆ ಕೊಡಬೇಕು. ಅದು ಬೆಂಗಳೂರಿನ ವಿಧಾನಸೌಧದಲ್ಲಿ ನಡೆಯಲಿ, ಬೆಳಗಾವಿಯ ಸುವರ್ಣಸೌಧದಲ್ಲಿ ನಡೆಯಲಿ, ತಿಂಗಳು ಮೊದಲೇ ಶಾಸಕರ ಕೈಗೆ ಹಾಳೆ ತಲುಪಿಸಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆಯಲ್ಲಿ ಆರೋಪ, ಬೈಗುಳ ಬೇಡ. ಅಂಥವನ್ನು ಸಭಾಧ್ಯಕ್ಷರು ಒಪ್ಪುವುದಿಲ್ಲ. ಕೋರ್ಟಿನಲ್ಲಿರುವ ಒಂದೇ ಪ್ರಕರಣದ ಬಗ್ಗೆಯೂ ಕೇಳುವ ಹಾಗಿಲ್ಲ. ನೊಂದವಳ ಹೆಸರನ್ನಂತೂ ಎಂದೂ ಹಾಕಬೇಡಿ. ಅವಳು ಬದುಕಿದ್ದರೆ ನಾಳೆ ಅದೇ ಊರಿನಲ್ಲಿ ಬಾಳಬೇಕಲ್ಲ. ಸಂಖ್ಯೆ ಕೇಳಿ, ವರ್ಷ ಕೇಳಿ, ಹುದ್ದೆ ಕೇಳಿ.

ಉತ್ತರ ಬಂದ ದಿನ ಅದನ್ನು ಸಂಘದಲ್ಲಿ ಗಟ್ಟಿಯಾಗಿ ಓದಿ, ನಿಮ್ಮ ನೋಟುಪುಸ್ತಕದ ಜೊತೆ ಹೊಂದಿಸಿ ನೋಡಿ. ನಿಮ್ಮಲ್ಲಿ ನಾಲ್ಕು ಸಾವು, ಸರ್ಕಾರದಲ್ಲಿ ಒಂದು ಎಂದಿದ್ದರೆ ಮುಂದಿನ ಅಧಿವೇಶನದ ಪ್ರಶ್ನೆ ಅಲ್ಲೇ ಸಿದ್ಧವಾಯಿತು.

ಇದರಿಂದ ಸತ್ತವಳು ಎದ್ದು ಬರುವುದಿಲ್ಲ. ಅತ್ತೆ ಮನೆಯ ಕತ್ತಲ ಕೋಣೆಗೆ ಸದನದ ಉತ್ತರ ತಟ್ಟನೆ ಬೆಳಕು ತರುವುದೂ ಇಲ್ಲ. ಆದರೆ ಠಾಣೆಯಲ್ಲಿ ಕುಳಿತು ‘ಸ್ಟೌ ಸಿಡಿದು’ ಎಂದು ಬರೆಯುವ ಕೈಗೆ ಈ ಸಾಲನ್ನು ನಾಳೆ ಯಾರೋ ಎಣಿಸುತ್ತಾರೆ, ಮಂತ್ರಿಗಳು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ ಎಂಬ ಅಳುಕು ಹುಟ್ಟಬೇಕು. ಆ ಅಳುಕನ್ನು ಹುಟ್ಟಿಸಲು ನಮಗೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು ಮತ್ತು ಬಿಡದೆ ಕೇಳುವ ಹತ್ತು ಜನ ಹೆಂಗಸರು. ಪ್ರತಿ ಸಂಘದಲ್ಲೂ ಅಷ್ಟು ಮಂದಿ ಇದ್ದೇ ಇದ್ದೇವೆ.