ರೀಸ್ಟಾರ್ಟ್ ಮಾಡಿದರೆ ತಪ್ಪು ಹೋಯಿತೇ?

ಕಂಪ್ಯೂಟರ್ ಕೈಕೊಟ್ಟಾಗ ನಾವೆಲ್ಲ ಹೇಳುವ ಮಾತು ಒಂದೇ: "ರೀಸ್ಟಾರ್ಟ್ ಮಾಡು, ಸರಿಹೋಗುತ್ತೆ." ಎರಡನೇ ಸಲ ಸರಿಯಾಗಿ ನಡೆದರೆ ವಿಷಯ ಅಲ್ಲಿಗೇ ಮುಗಿಯಿತು. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ "ಜಾನೇ ದೋ" ಎನ್ನುತ್ತೇವೆ. ಈ ಅಭ್ಯಾಸ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ ತಿಳಿಯಲು ರೇಸ್ ಕಂಡಿಷನ್ ಎಂಬ ದೋಷವನ್ನು ನೋಡಿ.

ಒಂದೇ ವಸ್ತುವಿಗೆ ಎರಡು ಕೆಲಸಗಳು ಒಟ್ಟಿಗೆ ಕೈ ಹಾಕಿದಾಗ, ಯಾವುದು ಮೊದಲು ತಲುಪಿತು ಎಂಬುದರ ಮೇಲೆ ಫಲಿತಾಂಶ ಬದಲಾಗುವುದೇ ರೇಸ್ ಕಂಡಿಷನ್. ಫೈಲ್‌ಸಿಸ್ಟಮ್ ಎಂದರೆ ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂದು ಲೆಕ್ಕ ಇಡುವ ವ್ಯವಸ್ಥೆ. 2009ರಲ್ಲಿ ಲಿನಕ್ಸ್‌ಗೆ ಸೇರಿದ ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಹಲವು ಡಿಸ್ಕುಗಳನ್ನು ಒಂದಾಗಿ ಬಳಸಬಲ್ಲದು. ಬಳಕೆ ಮುಗಿದ ಮೇಲೆ ಅವೆಲ್ಲವನ್ನೂ ಮುಚ್ಚಬೇಕು. ಎಷ್ಟು ಕಡೆಯಿಂದ ಬಳಕೆಯಲ್ಲಿದೆ ಎಂಬ ಎಣಿಕೆ ಸೊನ್ನೆಗೆ ಬಂದಾಗ ಮುಚ್ಚುತ್ತದೆ. ಕ್ಲಾಸಿನಿಂದ ಕೊನೆಗೆ ಹೊರಡುವವರು ಫ್ಯಾನ್ ಆರಿಸುವ ಹಾಗೆ. ಆದರೆ ಒಂದು ಕಡೆ ಮುಚ್ಚುತ್ತಿರುವಾಗಲೇ ಇನ್ನೊಂದು ಕಡೆ ಅದೇ ಡಿಸ್ಕುಗಳ ಪಟ್ಟಿಯನ್ನು ಓದಲು ಹೊರಟರೆ? ಆಗಲೇ ಬಿಟ್ಟುಕೊಟ್ಟ ಮೆಮೊರಿಯನ್ನು ಓದಿ ಇಡೀ ಕಂಪ್ಯೂಟರ್ ನಿಂತುಹೋಗಬಹುದು. ನೂರಾರು ಸಲ ಏನೂ ಆಗುವುದಿಲ್ಲ, ಒಂದು ಸಲ ಆಗುತ್ತದೆ.

ಇದನ್ನು ಹಿಡಿಯುವುದು ಕಷ್ಟ. ಏನಾಗುತ್ತಿದೆ ಎಂದು ನೋಡಲು ಒಂದು ಪ್ರಿಂಟ್ ಸಾಲು ಸೇರಿಸಿದರೆ, ಅದರಿಂದಾಗುವ ತಡಕ್ಕೇ ದೋಷ ಮಾಯವಾಗಬಹುದು. ಆದ್ದರಿಂದ ತೆರೆಯುವುದನ್ನೂ ಮುಚ್ಚುವುದನ್ನೂ ಸಾವಿರಾರು ಸಲ ಮಾಡಿಸಿ ಪರೀಕ್ಷಿಸಬೇಕಾಗುತ್ತದೆ. 2020ರಲ್ಲಿ ಲಿನಕ್ಸ್ 5.8ರ ಜೊತೆ ಬಂದ ಕೆಸಿಎಸ್‌ಎಎನ್ ಎಂಬ ಸಾಧನ ಬೇಕೆಂದೇ ಅಲ್ಲಲ್ಲಿ ತಡ ಮಾಡಿ, ಇಬ್ಬರೂ ಒಂದೇ ಜಾಗಕ್ಕೆ ಬಂದರೆ ಹಿಡಿದು ತೋರಿಸುತ್ತದೆ. ಪರಿಹಾರ ಸರಳ: ಎಣಿಕೆ ನೋಡುವುದು, ಮುಚ್ಚುವುದು ಎರಡೂ ಒಂದೇ ಬೀಗದೊಳಗೆ ನಡೆಯಬೇಕು. ಕಷ್ಟವಿರುವುದು ಜಾಗ ಪತ್ತೆ ಮಾಡುವುದರಲ್ಲಿ.

ಇಂತಹ ದೋಷ ಡಿಸ್ಕಿಗೆ ಮಾತ್ರ ಸೀಮಿತವಲ್ಲ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರ ಮನೆಗೆ ವಿದ್ಯುತ್ ಹೋಯಿತು. ಅದರ ಕಾರಣಗಳಲ್ಲಿ ಒಂದು, ಓಹಾಯೋದ ಕಂಟ್ರೋಲ್ ರೂಮಿನ ಅಲಾರಂ ಸಾಫ್ಟ್‌ವೇರ್ ರೇಸ್ ಕಂಡಿಷನ್‌ನಿಂದ ಸದ್ದಿಲ್ಲದೆ ನಿಂತದ್ದು. ಅಲಾರಂ ಬಾರದ ಕಾರಣ ಅಲ್ಲಿದ್ದವರು ಎಲ್ಲ ಸರಿಯಿದೆ ಎಂದುಕೊಂಡಿದ್ದರು.

ಇದೆಲ್ಲ ಸೈನ್ಸ್‌ನವರ ವಿಷಯ ಎನ್ನಬೇಡಿ. ನಮ್ಮ ಅಕೌಂಟೆನ್ಸಿ ಪಾಠವೂ ಇದನ್ನೇ ಹೇಳುತ್ತದೆ: ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಅರ್ಥವಲ್ಲ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿರಬಹುದು. ಕಂಪ್ಯೂಟರ್ ಎರಡನೇ ಸಲ ನಡೆಯಿತು ಎಂಬುದೂ ಅಷ್ಟೇ.

ಪ್ರತಿ ತಪ್ಪಿನ ಬೇರು ಹುಡುಕಲು ನಮಗೆ ಸಮಯವಾಗಲಿ ವಿದ್ಯೆಯಾಗಲಿ ಇಲ್ಲ, ನಿಜ. ಆದರೆ ಬರೆದಿಡಬಹುದಲ್ಲ? ಲ್ಯಾಬಿನಲ್ಲಿ ಒಂದು ನೋಟ್‌ಬುಕ್ ಇರಲಿ. ಯಾವ ಕಂಪ್ಯೂಟರ್, ಎಷ್ಟು ಗಂಟೆ, ಏನೇನು ತೆರೆದಿತ್ತು, ಯಾವ ಮೆಸೇಜ್ ಬಂತು ಎಂದು ನಾಲ್ಕು ಸಾಲು ಬರೆದು, ಆಮೇಲೆ ರೀಸ್ಟಾರ್ಟ್ ಮಾಡೋಣ. ಒಂದೇ ದೋಷ ಮೂರು ಸಲ ಆ ಪುಟದಲ್ಲಿ ಕಂಡರೆ, ಹುಡುಕಬಲ್ಲವರಿಗೆ ಅದೇ ಮೊದಲ ಸುಳಿವು. ಸರ್, ಮೇಡಂಗಳು ಒಪ್ಪಿದರೆ ಈ ತಿಂಗಳೇ ಶುರು ಮಾಡಬಹುದು.