ಪರಊರಿನಲ್ಲಿ ಚಿತ್ರಾಭ್ಯಾಸ

ಪ್ಯಾರಿಸ್ಸಿಗೆ ಓದಲು ಹೋಗಿರುವ ಸೋದರಿಯೊಬ್ಬರು, ಎದುರಿಗೆ ನಿಂತ ಮನುಷ್ಯದೇಹವನ್ನು ನೋಡಿ ಚಿತ್ರ ಬರೆಯಲು ಅಲ್ಲಿ ಎಡೆಯೆಲ್ಲಿ ಎಂದು ನಮ್ಮನ್ನು ಕೇಳಿದ್ದಾರೆ. ಮೋಂಪಾರ್ನಾಸಿನಲ್ಲಿ 1904ರಲ್ಲಿ ಸ್ಥಾಪಿತವಾದ ಗ್ರಾಂದ್ ಶೋಮಿಯೇರ್ ಚಿತ್ರಶಾಲೆಯನ್ನು ವಿಚಾರಿಸಲಿ. ಅಲ್ಲಿಯ ಮುಕ್ತಾಭ್ಯಾಸಕ್ಕೆ ಪ್ರವೇಶಪರೀಕ್ಷೆಯಿಲ್ಲ, ತಿದ್ದುವ ಗುರುವೂ ಇಲ್ಲ. ಶುಲ್ಕವನ್ನು ತೆತ್ತು, ಕಾಗದ ಸೀಸಕಡ್ಡಿಗಳೊಡನೆ ಕುಳಿತರಾಯಿತು. 1929ರಲ್ಲಿ, ತಮ್ಮ 16ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿಗೆ ಬಂದ ಅಮೃತಾ ಶೇರ್‌ಗಿಲ್ ಅಲ್ಲಿ ಮೊದಲು ಕಲಿತದ್ದು ಈ ಶಾಲೆಯಲ್ಲಿಯೇ.

ವಿವಸ್ತ್ರರನ್ನು ನೋಡಿ ಬರೆಯುವೆನೆಂದು ತಾಯಿಗೆ ಹೇಗೆ ತಿಳಿಸಲಿ ಎಂಬ ಸಂಕೋಚವೂ ಪತ್ರದಲ್ಲಿದೆ. ಹಾಗೆ ನಿಲ್ಲುವವರು ದುಡಿದುಣ್ಣುವವರು. ಅರ್ಧ ಗಳಿಗೆ ಅಲುಗದೆ ನಿಂತು ನೋಡಿದರೆ ಆ ದುಡಿಮೆಯ ಕಷ್ಟವು ಯಾರಿಗೂ ತಿಳಿಯುವುದು. ಅವರನ್ನು ಮುಟ್ಟಬಾರದು, ಛಾಯಾಚಿತ್ರವನ್ನಂತೂ ತೆಗೆಯಲೇಬಾರದು. ತಾಯಿಯವರಿಗೆ ಇದನ್ನೇ ಬರೆಯಲಿ. ಜೊತೆಗೆ ಕೈಬೆರಳುಗಳ ಒಂದು ಚಿತ್ರವನ್ನಿಟ್ಟರೆ ಸಾಕು. ಉಳಿದವನ್ನು ಊರಿಗೆ ಬಂದಾಗ ತೋರಿಸಬಹುದು.